ಎದುರಿಗೆ ಬಂದದ್ದು ನಮ್ಮ ಬಳಗದ ಗಾಡಿಯೇ? ಬಳ್ಳಾರಿ, ಕೊಪ್ಪಳ, ರಾಯಚೂರು ದಾರಿಗಳಲ್ಲಿ ಗುರುತಿಸುವ ಬಗೆ

ನಮ್ಮ ಬಳಗವೆಂದರೆ ಹಳೆಯ, ಅಪರೂಪದ ಗಾಡಿಗಳನ್ನು ಮೆಚ್ಚುವವರು. ದಾರಿಯಲ್ಲಿ ಅಂಥ ಗಾಡಿ ಗುರುತಿಸುವುದು ಸುಲಭವಲ್ಲ: ನೀವೂ ಎದುರಿನವರೂ ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ನಡುವಿನ ಅಂತರ ಸೆಕೆಂಡಿಗೆ 44 ಮೀಟರಿನಂತೆ ಕರಗುತ್ತದೆ. 200 ಮೀಟರ್ ದೂರದಲ್ಲಿ ಕಣ್ಣಿಗೆ ಬಿದ್ದ ಗಾಡಿ ನಾಲ್ಕೂವರೆ ಸೆಕೆಂಡಿನಲ್ಲಿ ದಾಟಿಹೋಗಿರುತ್ತದೆ. ಅಷ್ಟರಲ್ಲಿ ನಂಬರ್ ಓದಲು ಹೋಗಬೇಡಿ, ಆಕಾರ ಹಿಡಿಯಿರಿ: ಮೊದಲು ಹೆಡ್‌ಲೈಟ್, ಪಕ್ಕಕ್ಕೆ ಬಂದಾಗ ಬಾಗಿಲುಗಳ ಲೆಕ್ಕ.

ಬಾಗಿಲ ಲೆಕ್ಕ ಎಷ್ಟು ಕೆಲಸಕ್ಕೆ ಬರುತ್ತದೆ ನೋಡಿ. ಮಾರುತಿಯ ಜೀಪಿನಂಥ ಗಾಡಿಗಳಾದ ಜಿಪ್ಸಿಗೂ ಜಿಮ್ನಿಗೂ ದುಂಡು ದೀಪ, ಚೌಕ ಮೈ. ಆದರೆ ನಮ್ಮಲ್ಲಿ ಮಾರಿದ ಜಿಮ್ನಿಗೆ ಎರಡೂ ಪಕ್ಕ ಸೇರಿ ನಾಲ್ಕು ಬಾಗಿಲು, ಜಿಪ್ಸಿಗೆ ಎರಡೇ. 1991ರ ಟಾಟಾ ಸಿಯೆರಾಕ್ಕೂ ಎರಡೇ. ಹಿಂದಿನ ಪಕ್ಕದ ಗಾಜು ಮೇಲಕ್ಕೆ ಬಾಗಿ ಛಾವಣಿ ಮುಟ್ಟುತ್ತದೆ. ಹೊಸ ಸಿಯೆರಾ ನಾಲ್ಕು ಬಾಗಿಲಿನದು. ಹಿಂದೂಸ್ತಾನ್ ಮೋಟರ್ಸ್‌ನ ಹಳೆ ಕಾರು ಕಾಂಟೆಸ್ಸಾಕ್ಕೆ ಮುಂದೆ ನಾಲ್ಕು ದೀಪ, ಉದ್ದನೆಯ ಚಪ್ಪಟೆ ಬಾನೆಟ್. ಮಾರುತಿ 800ರಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಚೌಕ ಮೈಯ ಮೊದಲ ಮಾದರಿ 1986ರವರೆಗೆ ಮಾತ್ರ ಇತ್ತು. ಅದು ಕಂಡರೆ ಆ ದಿನ ಸಾರ್ಥಕ.

ಬಣ್ಣವನ್ನು ನಂಬಬೇಡಿ. ಸಂಡೂರು, ತೋರಣಗಲ್ಲು ಕಡೆಯಿಂದ ಬಂದ ಬಿಳಿ ಗಾಡಿ ಅದಿರಿನ ಧೂಳು ಕುಡಿದು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ, ಹಿಂದಿನ ಬ್ಯಾಡ್ಜೂ ಮುಚ್ಚಿಹೋಗಿರುತ್ತದೆ.

ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಿ. ರಾಷ್ಟ್ರೀಯ ಹೆದ್ದಾರಿ 67 ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಹೋಗುತ್ತದೆ. ಬೆಳಿಗ್ಗೆ ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ಸೂರ್ಯ ಬೆನ್ನಿಗಿದ್ದು ಎದುರಿನ ಗಾಡಿಗಳ ಮುಖ ಬೆಳಗಿರುತ್ತದೆ. ಸಂಜೆ ವಾಪಸು ಬರುವಾಗಲೂ ಹಾಗೆಯೇ. ತಿರುಗಾಮುರುಗಾ ಮಾಡಿದರೆ ಬರೀ ಕಪ್ಪು ನೆರಳು ಕಾಣುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಿವು. ಹಳೆ ಗಾಡಿ ಇಟ್ಟವರು ಬೆಳಿಗ್ಗೆ ಎಂಟು ಗಂಟೆಯೊಳಗೆ ಮನೆ ಸೇರಿರುತ್ತಾರೆ. ಭಾನುವಾರ ಬೆಳಿಗ್ಗೆ ಮುನಿರಾಬಾದ್ ಡ್ಯಾಂ, ಅಂಜನಾದ್ರಿ ಕಡೆಯ ಬಂಕ್, ಹೋಟೆಲುಗಳ ಮುಂದೆ ನಿಂತು ನೋಡುವುದೇ ಒಳ್ಳೆಯದು. ಹೆದ್ದಾರಿ ಅಂಚಿನಲ್ಲಿ ನಿಲ್ಲಬೇಡಿ.

ನಂಬರ್ ಓದುವಷ್ಟು ಹೊತ್ತು ಸಿಕ್ಕರೆ: ಕೆಎ-34 ಬಳ್ಳಾರಿ, 35 ಹೊಸಪೇಟೆ, 36 ರಾಯಚೂರು, 37 ಕೊಪ್ಪಳ. ಸ್ವಂತ ಕಾರುಗಳ ಸರಣಿ ಸಾಮಾನ್ಯವಾಗಿ ಎಂ, ಎನ್, ಪಿ, ಝಡ್ ಅಕ್ಷರದಿಂದ ಶುರು. ಎಫ್ ಇದ್ದರೆ ಸಾರಿಗೆ ಬಸ್ಸು, ಜಿ ಇದ್ದರೆ ಸರ್ಕಾರಿ. ಕಪ್ಪು ಪಟ್ಟಿಯ ಮೇಲೆ ಹಳದಿ ಅಕ್ಷರವಿದ್ದರೆ ಬಾಡಿಗೆಗೆ ಪಡೆದು ತಾವೇ ಓಡಿಸುವ ಗಾಡಿ, ಅಂದರೆ ಒಳಗಿರುವವರು ಮಾಲೀಕರಲ್ಲ.

ಗುರುತು ಸಿಕ್ಕಿತೆಂದು ಡಿಪ್ಪರ್ ಹೊಡೆಯಬೇಡಿ. ನಮ್ಮ ಕಡೆ ಅದಕ್ಕೆ ‘ನಾ ಬರ್ತೀನಿ, ನೀ ನಿಲ್ಲು’ ಎಂಬ ಅರ್ಥ; ಎದುರಿನವರು ಗಾಬರಿಯಿಂದ ಬ್ರೇಕ್ ಒತ್ತುತ್ತಾರೆ. ಊರೊಳಗೆ ನಿಧಾನವಿದ್ದಾಗ ಸ್ಟೀರಿಂಗ್ ಮೇಲಿಂದಲೇ ನಾಲ್ಕು ಬೆರಳು ಎತ್ತಿದರೆ ಸಾಕು. ಬೆನ್ನಟ್ಟಬೇಡಿ. ಫೋಟೋ ಪಕ್ಕದ ಸೀಟಿನವರು ತೆಗೆಯಲಿ. ಹಂಚುವ ಮುನ್ನ ನಂಬರ್ ಅಳಿಸಿ, ಮನೆ ಗೇಟು ಕಾಣುವ ಚಿತ್ರ ಬೇಡವೇ ಬೇಡ.

ಹಳೆ ಗಾಡಿ ಬಾನೆಟ್ ಎತ್ತಿ ನಿಂತಿದ್ದರೆ ಮಾತ್ರ ದಾಟಿ ಹೋಗಬೇಡಿ, ಮುಂದೆ ಹೋಗಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಡಿಕ್ಕಿಯಲ್ಲಿ 5 ಲೀಟರ್ ನೀರು, ಹೋಸ್ ಕ್ಲಿಪ್, 10, 15, 20 ಆಂಪಿಯರ್ ಫ್ಯೂಸು, ಜಂಪರ್ ಕೇಬಲ್ ಇರಲಿ. ಕಾರ್ಬುರೇಟರ್ ಗಾಡಿ ಬಿಸಿಲಲ್ಲಿ ನಿಂತು ಮತ್ತೆ ಸ್ಟಾರ್ಟ್ ಆಗದಿದ್ದರೆ ಬಹುಪಾಲು ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿರುತ್ತದೆ. ಪಂಪ್ ಮತ್ತು ಪೈಪಿಗೆ ಒದ್ದೆ ಬಟ್ಟೆ ಸುತ್ತಿ 15–20 ನಿಮಿಷ ಬಿಡಿ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಮೇಲೆ ನೀರು ಬೀಳದಿರಲಿ. ನೀರು ಕುದಿದಿದ್ದರೆ ಅರ್ಧ ಗಂಟೆಯಾದರೂ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಕಾದ ಎಂಜಿನ್‌ಗೆ ಒಮ್ಮೆಲೇ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಆರಿದ ಮೇಲೆ, ಎಂಜಿನ್ ಐಡಲ್‌ನಲ್ಲಿಟ್ಟು, ಸ್ವಲ್ಪಸ್ವಲ್ಪವಾಗಿ ಹಾಕಿ.