ಬೀದಿಮರದ ಬೇರು, ಬಿರುಕು ಬಿಟ್ಟ ಗೋಡೆ: ಪರಿಹಾರ ಕೈಗೆ ಬಂದ ಬಗೆ

ಬೀದಿಮರದ ಬೇರಿನಿಂದ ನನ್ನ ಮನೆಯ ಗೋಡೆ ಬಿರುಕು ಬಿಟ್ಟಿತ್ತು. ಹದಿನಾಲ್ಕು ತಿಂಗಳು ಬಿರುಕು ಅಳೆಯುವುದು ದಂಡ, ಸಾರ್ವಜನಿಕ ಮರದ ಮೇಲೆ ಪರಿಹಾರ ಹುಟ್ಟುವುದಿಲ್ಲ ಎಂದವರೇ ಹೆಚ್ಚು. ಹುಟ್ಟಿತು. ದುರಸ್ತಿ ಅಂದಾಜಿನ ಸುಮಾರು ಮುಕ್ಕಾಲು ಪಾಲು, ದಾವೆ ಹೂಡದೆಯೇ. ಮರವೂ ಉಳಿದಿದೆ.

ಮರದ ಹೊಣೆ ಹೊತ್ತ ಸ್ಥಳೀಯ ಸಂಸ್ಥೆಗೆ ಕೊಟ್ಟ ಮೊದಲ ಅರ್ಜಿಯಲ್ಲಿ ಫೋಟೊ ಮತ್ತು ಸಿಟ್ಟು ಬಿಟ್ಟರೆ ಏನೂ ಇರಲಿಲ್ಲ. ಮರವೇ ಕಾರಣ ಎನ್ನಲು ಆಧಾರವಿಲ್ಲ, ಹಾನಿಯ ಸುಳಿವೂ ನಮಗಿರಲಿಲ್ಲ ಎಂಬ ಉತ್ತರ ಬಂತು. ಎರಡೂ ನ್ಯಾಯವಾದ ಆಕ್ಷೇಪ. ಮರ ಅವರದೆಂದು ತೋರಿಸಿದರೆ ಸಾಲದು. ಅವರಿಗೆ ಗೊತ್ತಿತ್ತು, ತಡೆಯಬಹುದಿತ್ತು, ತಡೆಯಲಿಲ್ಲ ಎಂದು ಕಡತವೇ ಹೇಳಬೇಕು. ಅದಕ್ಕೇ ಅರ್ಜಿಯ ಮೇಲಿನ ಸ್ವೀಕೃತಿ ಮೊಹರಿನ ದಿನಾಂಕಕ್ಕೆ ಅಷ್ಟು ಬೆಲೆ. ಆ ದಿನದಿಂದಾಚೆ ಬೆಳೆದ ಹಾನಿಯನ್ನೇ ಗಟ್ಟಿಯಾಗಿ ಹಿಡಿದೆ.

ಅಳತೆಗೆ ಮೊದಲು ಗಾಜಿನ ಪಟ್ಟಿ ಅಂಟಿಸಿದ್ದೆ. ಒಡೆಯಿತು, ಅಷ್ಟೇ; ಎಷ್ಟು, ಯಾವ ಕಡೆಗೆ ಎಂಬುದು ತಿಳಿಯಲಿಲ್ಲ. ಆಮೇಲೆ ಬಿರುಕಿನ ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು ಹಿತ್ತಾಳೆ ಸ್ಕ್ರೂ, ತ್ರಿಕೋನವಾಗಿ, ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ಅವುಗಳ ನಡುವಿನ ದೂರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ (ಮಿ.ಮೀ.ಗಿಂತ ಸಣ್ಣ ಅಂತರ ತೋರುವ ಅಳತೆ ಸಾಧನ) ಅಳೆದೆ. ಬಾಯಿ ಬಿಟ್ಟದ್ದು ಬೇರೆ, ಜಾರಿದ್ದು ಬೇರೆ ಎಂದು ಸಿಗುವುದು ಹೀಗೇ. ಎರಡು ವಾರಕ್ಕೊಮ್ಮೆ, ಗೋಡೆಗೆ ಬಿಸಿಲು ಬೀಳುವ ಮುನ್ನ. ಮೊದಲ ಎರಡು ತಿಂಗಳು ಮಧ್ಯಾಹ್ನ ಅಳೆದದ್ದೆಲ್ಲ ಕಸಕ್ಕೆ ಹೋಯಿತು, ಕಾವಿಗೇ 0.2 ಮಿ.ಮೀ. ಆಚೀಚೆ ಆಗುತ್ತಿತ್ತು.

ಒಣಗಾಲದ ಕೊನೆಗೆ ದೊಡ್ಡ ಬಿರುಕು ಸುಮಾರು 4 ಮಿ.ಮೀ., ಮಳೆ ಹಿಡಿದ ಎರಡು ತಿಂಗಳಿಗೆ 1.5ರ ಆಸುಪಾಸು. ಒಣಗಿದಾಗ ತೆರೆದು ನೆನೆದಾಗ ಮುಚ್ಚುವುದು ಜೇಡಿಮಣ್ಣು ಕುಗ್ಗಿ ಹಿಗ್ಗುವ ಲಕ್ಷಣ; ಮರದ ಬೇರು ನೀರು ಹೀರಿ ಆ ಮಣ್ಣನ್ನು ಇನ್ನಷ್ಟು ಒಣಗಿಸುತ್ತದೆ. ಮಾಮೂಲಿ ತಳಪಾಯ ಕುಸಿತ ಹೀಗೆ ಹಿಂದಿರುಗುವುದಿಲ್ಲ. ಮರವಿಲ್ಲದಿದ್ದರೂ ಜೇಡಿ ಹಾಗೆಯೇ ಎಂಬ ವಾದ ಬಂದೇ ಬರುತ್ತದೆ. ಮರದಿಂದ ದೂರದ ಗೋಡೆಗೂ ಸ್ಕ್ರೂ ಹಾಕಿಟ್ಟಿದ್ದೆ. ಅಲ್ಲಿ ಅರ್ಧ ಮಿ.ಮೀ. ಕೂಡ ಆಡಿರಲಿಲ್ಲ. ವಾದ ಅಲ್ಲಿಗೆ ನಿಂತಿತು.

ಬೇರಿಗಾಗಿ ತಳಪಾಯದ ಪಕ್ಕ ಕಿರಿದಾದ ಗುಂಡಿ, ಒಂದೇ ದಿನ ತೆರೆದು ಮುಚ್ಚುವಷ್ಟು. ಬೇರಿನ ತುಂಡುಗಳು ಒದ್ದೆ ಬಟ್ಟೆಯಲ್ಲಿ ಪ್ರಯೋಗಾಲಯಕ್ಕೆ, ಮರದ ಜಾತಿ ಗುರುತಿಸಲು. ಕುತೂಹಲಕ್ಕೆ ಹೊಸದಾಗಿ ಕುಯ್ದ ಬೇರಿಗೆ ಅಯೋಡಿನ್ ಹನಿಸಿದೆ: ಜೀವವಿದ್ದದ್ದು ಪಿಷ್ಟದಿಂದ ಕಪ್ಪುನೀಲಿಯಾಯಿತು, ಸತ್ತು ಬಹುಕಾಲವಾದದ್ದು ಆಗಲಿಲ್ಲ. ಇದು ಹಿಂದೆಂದೋ ಇದ್ದ ಮರದ ಉಳಿಕೆ ಬೇರು ಎಂಬ ಮಾತಿಗೆ ಉತ್ತರವಾಗಿ ಈ ಪರೀಕ್ಷೆ ಚೆನ್ನಾಗಿ ಒದಗಿತು. ಬಿರುಕಿನ ಬುಡಕ್ಕೆ ನೀರು ಬಿಟ್ಟೂ ನೋಡಿದೆ. ಕೊಂಚ ಮುಚ್ಚಿತು, ಆದರೆ ಎರಡು ವಾರದ ಅಳತೆ ಕೆಟ್ಟಿತು. ಮತ್ತೆ ಮಾಡುವುದಿಲ್ಲ.

ಬೇರು ನುಗ್ಗಿದ್ದ ಒಳಚರಂಡಿ ಪೈಪಿನ ಬಾಬ್ತು ಪೂರ್ತಿ ಕೈತಪ್ಪಿತು. ಪರಿಶೀಲನೆಗೆ ಮುನ್ನವೇ ಪೈಪ್ ಬದಲಿಸಿ ಹಳೆಯ ತುಂಡು ಎಸೆದಿದ್ದೆ. ಬೇರು ಸಾಮಾನ್ಯವಾಗಿ ಮೊದಲೇ ಸೋರುವ ಜೋಡಣೆಯಲ್ಲೇ ನುಗ್ಗುತ್ತದೆ, ಹಾಗಾಗಿ ತಪ್ಪು ಪೈಪಿನದೇ ಎನ್ನುವುದು ಸುಲಭ. ಕ್ಯಾಮೆರಾ ಇಳಿಸಿ ವಿಡಿಯೊ ತೆಗೆದಿಟ್ಟಿದ್ದರೆ ಅರ್ಧವಾದರೂ ಕೇಳಬಹುದಿತ್ತು.

ಹಣದ ಪಟ್ಟಿಯಲ್ಲಿ ಬಿರುಕು ಹೊಲಿಗೆ (ಬಿರುಕಿಗೆ ಅಡ್ಡಲಾಗಿ ಕಂಬಿ ಕೂರಿಸಿ ಬೆಸೆಯುವುದು), ಗಾರೆ, ಬಣ್ಣ ಬೇರೆಬೇರೆ ಬರೆದೆ. ಹಳೆಯ ಗಾರೆಗೆ ಸವಕಳಿಯನ್ನು ನಾನೇ ಮೊದಲು ಕಳೆದೆ. ಅವರು ಕಳೆದಿದ್ದರೆ ಇನ್ನೂ ಹೆಚ್ಚು ಹೋಗುತ್ತಿತ್ತು. ಪರೀಕ್ಷೆಗಳ ಖರ್ಚು ಸಿಕ್ಕ ಹಣದ ಹತ್ತನೇ ಒಂದರಷ್ಟು, ಅದರಲ್ಲೂ ಅರ್ಧ ವಾಪಸು ಬಂತು. ಕೊನೆಯ ಮಾತುಕತೆಯಲ್ಲಿ ಯಾವ ಕಾಗದ ಕೊನೆಗೆ ತೆಗೆದೆ ಎಂಬುದು ನನ್ನಲ್ಲೇ ಇರಲಿ.

ಮರ ಕಡಿಯಿರಿ ಎಂದು ಕೇಳಲೇ ಇಲ್ಲ. ದೊಡ್ಡ ಮರ ಹೋದರೆ ಒಣಗಿದ ಜೇಡಿ ನೀರು ಹೀರಿ ಉಬ್ಬಿ ತಳಪಾಯವನ್ನೇ ಎತ್ತೀತು. ಕಾಂಡದ ಹತ್ತಿರ ಬೇರು ಕಡಿದರೆ ಮರ ಗಾಳಿಗೆ ಉರುಳೀತು. ಕೊಂಬೆ ಹಗುರ ಮಾಡುವುದು, ಗೋಡೆಯ ಕಡೆ ತಳಪಾಯಕ್ಕಿಂತ ಆಳಕ್ಕೆ ಬೇರುತಡೆ ಹಾಳೆ ಇಳಿಸುವುದು, ಇಷ್ಟೇ ಕೇಳಿದ್ದು. ಒಪ್ಪಿಗೆ ಬೇಗ ಸಿಕ್ಕಿದ್ದು ಇದರಿಂದಲೇ. ತಡೆ ಹಾಕಿದ ಮೇಲಿನ ಒಣಗಾಲದಲ್ಲಿ ಬಿರುಕು 2 ಮಿ.ಮೀ. ದಾಟಲಿಲ್ಲ. ಗಾರೆ ಹಚ್ಚಿದ್ದು ಆಮೇಲೆ.