ನೆಟ್‌ವರ್ಕ್ ಇಲ್ಲದ ದಿನದ ಕಂಪ್ಯೂಟರ್ ತರಗತಿಗೆ ಒಂದು ಸಲಹೆ

ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ತರಗತಿ ನಿಲ್ಲಬಾರದೆಂದರೆ, ಕನ್ನಡ ವಿಕಿಪೀಡಿಯವನ್ನು ಪೇಟೆಯಲ್ಲಿರುವಾಗಲೇ ಆಂಡ್ರಾಯ್ಡ್ ಫೋನಿನ ‘ಕಿವಿಕ್ಸ್’ ಎಂಬ ಉಚಿತ ಆ್ಯಪಿಗೆ ಇಳಿಸಿಕೊಂಡು, ತರಗತಿಯಲ್ಲಿ ಹಾಟ್‌ಸ್ಪಾಟ್ ಚಾಲೂ ಮಾಡಿ, ಕಂಪ್ಯೂಟರುಗಳನ್ನು ಅದಕ್ಕೆ ಜೋಡಿಸಿ, ಆ್ಯಪಿನ ‘ಹೋಸ್ಟ್ ಬುಕ್ಸ್’ ಒತ್ತಿದಾಗ ಮೂಡುವ ಅಂಕಿಗಳ ವಿಳಾಸವನ್ನು ಮಕ್ಕಳಿಂದ ಬ್ರೌಸರಿನಲ್ಲಿ ಟೈಪು ಮಾಡಿಸಿ. ಹಾಟ್‌ಸ್ಪಾಟಿಗೆ ಅಂತರಜಾಲವೇ ಬೇಕೆಂದಿಲ್ಲ. ಅದು ಹತ್ತಿರದ ಯಂತ್ರಗಳನ್ನು ಪರಸ್ಪರ ಜೋಡಿಸುತ್ತದೆ, ಪುಟಗಳು ನೇರವಾಗಿ ಫೋನಿನಿಂದಲೇ ಬರುತ್ತವೆ. (ಆ ವಿಳಾಸದ ನಡುವೆ ಬರುವ ವಿವರಣ ಚಿಹ್ನೆಯನ್ನು, ಅಂದರೆ ‘:’ ಅನ್ನು, ಶಿಫ್ಟ್ ಒತ್ತಿ ಹಿಡಿದು ಅರ್ಧವಿರಾಮದ ‘;’ ಕೀಲಿಯಿಂದ ತರುವುದೇ ಕೆಲವರಿಗೆ ಅಂದಿನ ಪಾಠವಾದೀತು.) ವೈಫೈ ಇಲ್ಲದ ಹಳೆಯ ಡೆಸ್ಕ್‌ಟಾಪುಗಳಿಗೆ ಯುಎಸ್‌ಬಿ ಅಡಾಪ್ಟರ್ ಬೇಕು. ಹಲವು ಫೋನುಗಳು ಹತ್ತಕ್ಕಿಂತ ಹೆಚ್ಚು ಯಂತ್ರಗಳನ್ನು ತಾಳುವುದಿಲ್ಲವಾದ್ದರಿಂದ ಒಂದು ಪರದೆಗೆ ಮೂವರನ್ನು ಕೂರಿಸಬೇಕಾಗುತ್ತದೆ. ಇಳಿಸಿಕೊಂಡ ದಿನದ ನಂತರದ ತಿದ್ದುಪಡಿಗಳೂ ಇದರಲ್ಲಿ ಸಿಗುವುದಿಲ್ಲ.