ಮುಂಬಯಿಯಲ್ಲಿ ನೆಲದಡಿಯ ಬಂಕರಿಗೆ ಹಣ ಹಾಕುವ ಮುನ್ನ

2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆದು ಮುಂಬಯಿಯಲ್ಲಿಯೂ ಸೈರನ್ ಮೊಳಗಿದ ಮೇಲೆ, ನನಗೆ ಪರಿಚಯವಿರುವ ಕನ್ನಡ ಕುಟುಂಬಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಲೋಣಾವಳಾದ ಕಡೆ ಪ್ಲಾಟು ಇಟ್ಟುಕೊಂಡವರು, ಪುಣೆಯಲ್ಲಿ ಸ್ವಂತ ಬಂಗಲೆ ಕಟ್ಟಿಸುತ್ತಿರುವವರು, ಹೋಟೆಲ್ ಉದ್ಯಮದಲ್ಲಿ ದುಡಿದು ನಾಲ್ಕು ಕಾಸು ಉಳಿಸಿದವರು, ನೆಲದಡಿಯಲ್ಲಿ ಒಂದು ಬಂಕರ್ ಕಟ್ಟಿಸಿಟ್ಟರೆ ಮುಂದೆ ಮಕ್ಕಳ ಕಾಲಕ್ಕಾದರೂ ಉಪಯೋಗವಾದೀತೇ ಎಂದು ಕೇಳುತ್ತಾರೆ. ಈ ಕರಾವಳಿಯಲ್ಲಿ ವಾಸಿಸುವ ಬಹುತೇಕ ಕುಟುಂಬಗಳಿಗೆ ಅದು ತಕ್ಕ ಹೂಡಿಕೆಯಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆ ಅಲ್ಲ, ಆ ಹಣವನ್ನು ಎಲ್ಲಿ ಹಾಕಬೇಕು, ಕಟ್ಟಲೇಬೇಕೆಂದಿರುವವರು ಏನನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಮೊದಲು ಒಂದು ಹಾಳೆಯ ಮೇಲೆ, ನೀವು ವಾಸಿಸುವ ಜಾಗದಲ್ಲಿ ಹಿಂದಿನ ಅರುವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಜನರ ಪ್ರಾಣ ತೆಗೆದ ಘಟನೆಗಳನ್ನು ಬರೆಯಿರಿ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಪುಣೆಯ ನದೀತೀರದ ಪೇಟೆಗಳು ಮುಳುಗಿದವು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಇಪ್ಪತ್ನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು ಮೀಠೀ ನದಿ ದಡ ಮೀರಿತು. 2014ರ ಜುಲೈ 30ರ ಬೆಳಗಿನ ಜಾವ ಪುಣೆ ಜಿಲ್ಲೆಯ ಮಾಳಿಣ ಗ್ರಾಮವು ಕುಸಿದ ಗುಡ್ಡದ ಅಡಿಯಲ್ಲಿ ಹೂತುಹೋಯಿತು. 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನ ಹುಸೈನಿ ಕಟ್ಟಡ ಬಿದ್ದು 33 ಜನ ತೀರಿಕೊಂಡರು. 2021ರ ಜುಲೈಯಲ್ಲಿ ಚೆಂಬೂರು ಮತ್ತು ವಿಕ್ರೋಲಿಯ ಗುಡ್ಡದ ಬುಡದ ಮನೆಗಳ ಮೇಲೆ ಗೋಡೆ, ಮಣ್ಣು ಒಂದೇ ರಾತ್ರಿಯಲ್ಲಿ ಕುಸಿದವು. ಇದರ ಜತೆಗೆ 2020ರ ಜೂನ್ 3ರಂದು ಅಲೀಬಾಗ್ ಬಳಿ ನೆಲ ಮುಟ್ಟಿದ ನಿಸರ್ಗ ಚಂಡಮಾರುತವನ್ನೂ ಮರುವರ್ಷ ಗೋವೆಯನ್ನೂ ಮುಂಬಯಿಯನ್ನೂ ಸವರಿಕೊಂಡು ಹೋದ ತೌಕ್ತೆಯನ್ನೂ ಸೇರಿಸಿಕೊಳ್ಳಿ. ಈ ಪಟ್ಟಿಯನ್ನು ಓದಿ ನೋಡಿದರೆ, ನಮ್ಮ ಕಡೆಯ ವಿಪತ್ತುಗಳು ಹೆಚ್ಚಾಗಿ ನೀರಿನಿಂದ, ನೀರು ಕುಡಿದ ಮಣ್ಣಿನಿಂದ ಮತ್ತು ಹಳೆಯ ಗೋಡೆಗಳಿಂದ ಬಂದಿವೆ ಎಂಬುದು ತಿಳಿಯುತ್ತದೆ. ಇವುಗಳಲ್ಲಿ ಯಾವುದರ ಎದುರಿಗೂ ನೆಲದಡಿಯ ಕೋಣೆಯಿಂದ ರಕ್ಷಣೆ ಸಿಗುವುದಿಲ್ಲ.

2005ರಲ್ಲಿ ನಾವು ಕಲೀನಾದಲ್ಲಿ ನೆಲಮಹಡಿಯ ಮನೆಯಲ್ಲಿದ್ದೆವು. ಮಧ್ಯಾಹ್ನ ಹೊಸ್ತಿಲು ದಾಟಿದ ನೀರು ಸಂಜೆಯಾಗುವುದರೊಳಗೆ ಕಿಟಕಿಯ ದಂಡೆಯವರೆಗೆ ಏರಿತು. ಅಮ್ಮನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಎರಡನೆಯ ಮಹಡಿಯ ಗುಜರಾತಿ ಕುಟುಂಬದ ಮನೆಗೆ ಹೋದೆವು. ಆ ರಾತ್ರಿ ಅವರ ಅಡುಗೆಮನೆಯಲ್ಲಿಯೂ ಪಡಸಾಲೆಯಲ್ಲಿಯೂ ಇಪ್ಪತ್ತಕ್ಕೂ ಹೆಚ್ಚು ಜನ ಕುಳಿತಿದ್ದೆವು. ಅವರು ತುಂಬಿಸಿಟ್ಟಿದ್ದ ಎರಡು ಹಂಡೆ ನೀರು ಎಲ್ಲರ ಬಾಯಾರಿಕೆಯನ್ನು ತಣಿಸಿತು. ನಮ್ಮ ಮನೆಯ ಕರಾರುಪತ್ರ, ಶಾಲೆಯ ದಾಖಲೆಗಳು, ಅಪ್ಪನ ಪಿಂಚಣಿಯ ಕಾಗದಗಳು ಉಕ್ಕಿನ ಕಪಾಟಿನ ಕೆಳಖಾನೆಯಲ್ಲಿದ್ದು ಮುದ್ದೆಯಾದವು. ಬೀಗ ಹಾಕಿದ ಕಪಾಟು ಭದ್ರ ಎಂದು ನಾನೇ ಅಲ್ಲಿಟ್ಟಿದ್ದೆ. ನೆಲದಡಿಯ ಕೋಣೆಯ ಮಾತು ಬಂದಾಗಲೆಲ್ಲ ನನಗೆ ಆ ಕೆಳಖಾನೆ ನೆನಪಾಗುತ್ತದೆ.

ನೀರು ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದರೂ, ಅದು ಎಷ್ಟು ಬೇಗ ಹೋಗುತ್ತದೆ ಎಂಬುದು ಅನುಭವಿಸಿದವರಿಗೆ ಮಾತ್ರ ಗೊತ್ತು. 2024ರ ಜುಲೈ 27ರಂದು ದೆಹಲಿಯ ರಾಜಿಂದರ್ ನಗರದಲ್ಲಿ ಕಟ್ಟಡವೊಂದರ ನೆಲಮಾಳಿಗೆಗೆ ರಸ್ತೆಯ ಮಳೆನೀರು ನುಗ್ಗಿ, ಅಲ್ಲಿ ಓದುತ್ತಿದ್ದ ಮೂವರು ವಿದ್ಯಾರ್ಥಿಗಳು ಹೊರಬರಲಾಗದೆ ಸತ್ತರು. ಬಂಕರಿನ ಬಾಯಿಗೆ ಎಂಬತ್ತು ಸೆಂಟಿಮೀಟರ್ ಚೌಕದ ಮುಚ್ಚಳವಿದ್ದು ಅದರ ಮೇಲೆ ಅರ್ಧ ಮೀಟರ್ ನೀರು ನಿಂತಿತೆಂದು ಭಾವಿಸಿ. ಆಗ ಒಳಗಿನವರು ಮುಚ್ಚಳವನ್ನು ತೆರೆಯಲು ಅದರ ಸ್ವಂತ ತೂಕದ ಜತೆಗೆ ಸುಮಾರು 320 ಕಿಲೋ ನೀರನ್ನು ಎತ್ತಬೇಕಾಗುತ್ತದೆ.

ಹೊರಗಿನ ನೀರು ಒಳಗೆ ಬಾರದಂತೆ ಭದ್ರವಾಗಿ ಕಟ್ಟಿದರೂ ಇನ್ನೊಂದು ತೊಂದರೆ ಉಳಿಯುತ್ತದೆ. ಮುಂಬಯಿಯ ಬಹಳಷ್ಟು ಭಾಗ ಸಮುದ್ರವನ್ನು ತುಂಬಿಸಿ ಪಡೆದ ನೆಲವಾಗಿದ್ದು, ಮಳೆಗಾಲದಲ್ಲಿ ಅಂತರ್ಜಲವು ಮೇಲ್ಮೈಗೆ ತೀರ ಹತ್ತಿರ ಬರುತ್ತದೆ. ಒಳಗೆ ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರವಿರುವ ಕೋಣೆಯೊಂದನ್ನು ಎಲ್ಲ ಬದಿಗೂ ಕಾಲು ಮೀಟರ್ ದಪ್ಪದ ಕಾಂಕ್ರೀಟಿನಿಂದ ಕಟ್ಟಿದರೆ ಅದರ ತೂಕ ಸುಮಾರು 43 ಟನ್ ಆಗುತ್ತದೆ. ಸುತ್ತಲಿನ ಮಣ್ಣು ಪೂರ್ತಿ ನೀರಿನಿಂದ ತುಂಬಿದಾಗ ಅದೇ ಕೋಣೆಯನ್ನು ನೀರು ಮೇಲಕ್ಕೆ ನೂಕುವ ಬಲ ಸುಮಾರು 47 ಟನ್. ಖಾಲಿ ಕೊಡವನ್ನು ಬಾವಿಯಲ್ಲಿ ಅದುಮಿದರೆ ಮೇಲಕ್ಕೆ ಚಿಮ್ಮುವಂತೆ ಈ ಕೋಣೆಯೂ ಮೇಲೇಳಲು ಹವಣಿಸುತ್ತದೆ, ಕೀಲುಗಳಲ್ಲಿ ಬಿರುಕು ಬಿಡುತ್ತದೆ. ಇದನ್ನು ತಡೆಯಲು ಬುಡದ ಹಲಗೆಯನ್ನು ಗೋಡೆಯಿಂದಾಚೆಗೆ ಚಾಚಿ ಅದರ ಮೇಲೆ ಮಣ್ಣಿನ ಭಾರ ಕೂರುವಂತೆ ಮಾಡಬೇಕು ಅಥವಾ ಕೋಣೆಯ ನೆತ್ತಿಯ ಮೇಲೆ ದಪ್ಪನಾಗಿ ಮಣ್ಣು ಹೇರಬೇಕು. ಗುತ್ತಿಗೆದಾರರು ಕೊಡುವ ಆರಂಭದ ಅಂದಾಜಿನಲ್ಲಿ ಈ ಖರ್ಚು ಇದೆಯೇ ಎಂದು ತಪ್ಪದೆ ಕೇಳಿ. ಪುಣೆಯಲ್ಲಿ ಸಮಸ್ಯೆ ಬೇರೆ. ಅಲ್ಲಿ ಕೆಲವೇ ಅಡಿ ಅಗೆಯುವಷ್ಟರಲ್ಲಿ ಕರಿಯ ಬಸಾಲ್ಟ್ ಬಂಡೆ ಎದುರಾಗುವುದು ಸಾಮಾನ್ಯ, ಮತ್ತು ಅದನ್ನು ಒಡೆಯುವ ಖರ್ಚೇ ಕೋಣೆಯ ಖರ್ಚನ್ನು ಮೀರಬಹುದು. ಗೋವೆಯ ಜಂಬಿಟ್ಟಿಗೆ ಕಲ್ಲನ್ನು ಅಗೆಯುವುದು ಸುಲಭವಾದರೂ ಅದರ ರಂಧ್ರಗಳಲ್ಲಿ ಮಳೆನೀರು ಸರಾಗವಾಗಿ ಹರಿದು ಬರುತ್ತದೆ.

ನೀರಿನಂತೆಯೇ ಕೆಳಗಿಳಿಯುವ ಇನ್ನೊಂದು ಅಪಾಯದ ಬಗ್ಗೆ ನಾವು ಸಾಕಷ್ಟು ಯೋಚಿಸುವುದಿಲ್ಲ. ಚೆಂಬೂರು, ಮಾಹುಲ್, ಟ್ರಾಂಬೆ, ತಳೋಜಾ, ಪಾತಾಳಗಂಗಾ, ತಾರಾಪುರಗಳಲ್ಲಿ ತೈಲ ಮತ್ತು ರಾಸಾಯನಿಕ ಕಾರ್ಖಾನೆಗಳಿವೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಸಿಲಿಂಡರಿನ ಅಡುಗೆ ಅನಿಲವೂ ಗಾಳಿಗಿಂತ ಭಾರ, 1984ರಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೋಸಯನೇಟ್ ಕೂಡ ಭಾರ. ಇಂಥ ಅನಿಲ ಸೋರಿದಾಗ ಅದು ನೆಲಕ್ಕೆ ಅಂಟಿಕೊಂಡು ಹರಿದು ಗುಂಡಿಗಳಲ್ಲಿ ಮತ್ತು ನೆಲಮಾಳಿಗೆಗಳಲ್ಲಿ ಮಡುಗಟ್ಟುತ್ತದೆ. ಆದ್ದರಿಂದ ಮೇಲಿನ ಮಹಡಿಗೆ ಹೋಗಿ, ಕಿಟಕಿಗಳನ್ನು ಮುಚ್ಚಿ, ಸಂದುಗಳಿಗೆ ಒದ್ದೆ ಬಟ್ಟೆ ತುರುಕಿ ಕುಳಿತುಕೊಳ್ಳುವುದು ಸರಿಯಾದ ಕ್ರಮ. ಗಾಳಿಯನ್ನು ಶೋಧಿಸುವ ಯಂತ್ರವಿಲ್ಲದ ಬಂಕರಿಗೆ ಅಂಥ ಹೊತ್ತಿನಲ್ಲಿ ಇಳಿಯಲೇಬಾರದು.

ಹಾಗಾದರೆ ಬಾಗಿಲನ್ನು ಬಿಗಿಯಾಗಿ ಮುಚ್ಚಿಕೊಂಡರಾಯಿತಲ್ಲ ಎಂದು ಕೆಲವರು ಹೇಳುತ್ತಾರೆ. ಮೇಲೆ ಹೇಳಿದ ಕೋಣೆಯ ಒಳಗೆ ಮೂವತ್ತು ಘನಮೀಟರ್ ಗಾಳಿ ಇರುತ್ತದೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯ ಗಂಟೆಗೆ ಸುಮಾರು ಇಪ್ಪತ್ತು ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಐದು ಜನರ ಕುಟುಂಬ ಒಳಗೆ ಕುಳಿತರೆ ಮೂರು ಗಂಟೆಗಳಲ್ಲಿ ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 1ಕ್ಕೆ, ಒಂಬತ್ತು ಗಂಟೆಗಳಲ್ಲಿ ಶೇಕಡಾ 3ಕ್ಕೆ ಏರುತ್ತದೆ. ಅಷ್ಟರಲ್ಲಿ ತಲೆನೋವು ಮತ್ತು ಏದುಸಿರು ಆರಂಭವಾಗಿ, ವೃದ್ಧರೂ ಹೃದಯರೋಗಿಗಳೂ ಕಷ್ಟಕ್ಕೆ ಸಿಲುಕುತ್ತಾರೆ. ಒಳಗೆ ಒಲೆ ಹಚ್ಚಿದರೆ ಅಥವಾ ಜನರೇಟರ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ಅದಕ್ಕಿಂತ ಬಹಳ ಬೇಗ ಪ್ರಾಣ ತೆಗೆಯುತ್ತದೆ.

ಬಂಕರು ನಿಜವಾಗಿ ಉಪಯೋಗಕ್ಕೆ ಬರುವ ಸ್ಥಳಗಳು ಇಲ್ಲವೆಂದಲ್ಲ. ಸ್ವಿಟ್ಜರ್‌ಲೆಂಡ್ 1963ರ ಕಾನೂನಿನಿಂದ ಆರಂಭಿಸಿ ತನ್ನ ಜನರಿಗೆಲ್ಲ ಆಶ್ರಯ ಕೋಣೆಗಳನ್ನು ಕಟ್ಟಿಕೊಂಡಿತು. ಜಮ್ಮು ಭಾಗದ ಗಡಿ ಜಿಲ್ಲೆಗಳಲ್ಲಿ ನಮ್ಮ ಸರಕಾರ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಬಂಕರುಗಳಿಗೆ ಮಂಜೂರಾತಿ ನೀಡಿದ್ದು, ಪೂಂಛ್‌ನಂಥ ಊರಿನಲ್ಲಿ ಶೆಲ್ ಬೀಳುವಾಗ ಕೆಲವೇ ಹೆಜ್ಜೆ ದೂರದ ಕಾಂಕ್ರೀಟ್ ಕೋಣೆ ಪ್ರಾಣ ಉಳಿಸುತ್ತದೆ. ಅಲ್ಲಿಯ ಅಪಾಯ ಗಡಿಯಾಚೆಯಿಂದ ಹಾರಿಬರುವ ಲೋಹದ ಚೂರು, ಇಲ್ಲಿಯದು ಮಳೆ. ಅಣುವಿಕಿರಣದ ಭಯವಿರುವವರಿಗೂ ದೊಡ್ಡ ಕಾಂಕ್ರೀಟ್ ಕಟ್ಟಡದ ನಡುಮಹಡಿಯಲ್ಲಿ, ಹೊರಗೋಡೆಗಳಿಂದ ದೂರವಿರುವ ಒಳಕೋಣೆ ಉತ್ತಮ ಆಶ್ರಯ. ಅಣುಬಾಂಬು ಸಿಡಿದ ಮೇಲೆ ಬೀಳುವ ವಿಕಿರಣಧೂಳಿನ ತೀವ್ರತೆ ಏಳು ಗಂಟೆಗಳಲ್ಲಿ ಹತ್ತನೆಯ ಒಂದು ಭಾಗಕ್ಕೂ ಎರಡು ದಿನಗಳಲ್ಲಿ ನೂರನೆಯ ಒಂದು ಭಾಗಕ್ಕೂ ಇಳಿಯುವುದರಿಂದ, ಆ ಮೊದಲ ಎರಡು ದಿನ ಒಳಗಿರುವುದೇ ಮುಖ್ಯ. ಭೂಕಂಪವಾದರೆ ಬಂಕರಿಗೆ ಓಡುವಷ್ಟು ಸಮಯವೇ ಸಿಗುವುದಿಲ್ಲ. 1993ರ ಸೆಪ್ಟೆಂಬರ್ 30ರಂದು ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಸತ್ತವರಲ್ಲಿ ಹೆಚ್ಚಿನವರು ಮಲಗಿದ್ದಲ್ಲಿಯೇ ಕಲ್ಲು ಮಣ್ಣಿನ ಗೋಡೆಗಳಡಿ ಸಿಕ್ಕಿದ್ದರು.

ಕಾನೂನಿನ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹೌಸಿಂಗ್ ಸೊಸೈಟಿಯ ನೆಲ ಎಲ್ಲ ಸದಸ್ಯರದ್ದು, ಅಲ್ಲಿ ಒಬ್ಬರು ತಮಗಾಗಿ ಅಗೆಯಲು ಬರುವುದಿಲ್ಲ. ಸ್ವಂತ ಜಾಗದಲ್ಲಿಯೂ ನೆಲಮಾಳಿಗೆಗೆ ನಗರಪಾಲಿಕೆ ಅಥವಾ ಯೋಜನಾ ಪ್ರಾಧಿಕಾರದ ಪರವಾನಗಿ ಬೇಕು, ಸಮುದ್ರತೀರವಾದರೆ ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಅನ್ವಯಿಸುತ್ತವೆ. ಕರ್ನಾಟಕದಲ್ಲಿ 2020ರಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಆದರೆ ಮಹಾರಾಷ್ಟ್ರದಲ್ಲಿ ಹಾಗಿಲ್ಲವಾದ್ದರಿಂದ, ಮುಳಶಿ ಅಥವಾ ಮಾವಳದ ಕಡೆ ಅಗ್ಗದ ಹೊಲ ತೋರಿಸುವ ದಲ್ಲಾಳಿಯ ಮಾತಿಗೆ ಮುಂಗಡ ಕೊಡಬೇಡಿ.

ಈಗ ಆ ಹಣವನ್ನು ಎಲ್ಲಿ ಹಾಕಬೇಕು ಎಂಬ ಮಾತಿಗೆ ಬರೋಣ. ಮೊದಲ ಪಾಲು ನೀವು ವಾಸಿಸುವ ಕಟ್ಟಡಕ್ಕೆ ಸಲ್ಲಬೇಕು. ಮುಂಬಯಿಯಲ್ಲಿ ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಎಂದರೆ ಕಟ್ಟಡ ಎಷ್ಟು ಭದ್ರವಾಗಿದೆ ಎಂಬ ಎಂಜಿನಿಯರರ ತಪಾಸಣೆ, ಕಡ್ಡಾಯ. ಸೊಸೈಟಿಗಳ ಮಾದರಿ ಉಪವಿಧಿಗಳು ಹದಿನೈದರಿಂದ ಮೂವತ್ತು ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ ಮೂರು ವರ್ಷಕ್ಕೊಮ್ಮೆ ಆಡಿಟ್ ಆಗಬೇಕೆನ್ನುತ್ತವೆ. ವರದಿ ಬಂದ ಮೇಲೆ ದುರಸ್ತಿಯ ವಂತಿಗೆಯ ಪ್ರಶ್ನೆಗೆ ಮಹಾಸಭೆಯಲ್ಲಿ ಜಗಳವಾಗಿ ಕಡತ ಮುಚ್ಚಿಹೋಗುವುದನ್ನು ನಾನು ಸಮಿತಿಯಲ್ಲಿದ್ದಾಗ ಕಣ್ಣಾರೆ ಕಂಡಿದ್ದೇನೆ, ಮತ್ತು ಅದು ನನಗೆ ಇಂದಿಗೂ ಸಂಕಟ ಕೊಡುತ್ತದೆ. ಬಂಕರಿಗೆಂದು ಹಣ ತೆಗೆದಿಟ್ಟವರು ಅದರ ಒಂದಂಶವನ್ನು ದುರಸ್ತಿ ನಿಧಿಗೆ ಮುಂಗಡವಾಗಿ ಕೊಟ್ಟು ಕೆಲಸ ಆರಂಭಿಸಿದರೆ, ಕಂಬಗಳ ಒಳಗೆ ತುಕ್ಕು ಹಿಡಿಯುತ್ತಿರುವ ಕಬ್ಬಿಣ ಉಳಿಯುತ್ತದೆ, ಅದರೊಂದಿಗೆ ಎಲ್ಲ ಮಹಡಿಗಳ ಜನರೂ ಉಳಿಯುತ್ತಾರೆ.

ಅದೇ ಸಭೆಯಲ್ಲಿ ವಿದ್ಯುತ್ ಮೀಟರುಗಳ ಹಲಗೆ ಮತ್ತು ನೀರಿನ ಪಂಪು 2005ರ ನೀರಿನ ಗುರುತಿಗಿಂತ ಮೇಲೆ ಇವೆಯೇ ಎಂದು ಕೇಳಿ. ನೆಲದಡಿಯ ನೀರಿನ ಟಾಂಕಿಯ ಬಾಯಿ ಅಂಗಳದ ಮಟ್ಟದಲ್ಲಿದ್ದರೆ ಚರಂಡಿಯ ನೀರು ನೇರವಾಗಿ ಅದರೊಳಗೆ ಇಳಿಯುತ್ತದೆ. ಅದರ ಸುತ್ತ ಎರಡು ಮೂರು ಅಡಿ ಎತ್ತರದ ಕಟ್ಟೆ ಕಟ್ಟಿ ಬಿಗಿಯಾದ ಮುಚ್ಚಳ ಹಾಕಿಸುವುದು ಒಂದೆರಡು ದಿನದ ಕೆಲಸ.

ಮುಂದಿನದು ವಿಮೆ. 2021ರ ಏಪ್ರಿಲಿನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಭಾರತ ಗೃಹ ರಕ್ಷಾ ಎಂಬ ಏಕರೂಪದ ಪಾಲಿಸಿಯನ್ನು ನೀಡುತ್ತಿವೆ. ಪ್ರವಾಹ, ಚಂಡಮಾರುತ, ಭೂಕಂಪ, ಭೂಕುಸಿತ ಎಲ್ಲವೂ ಅದರಲ್ಲಿ ಸೇರಿವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯೊಳಗಿನ ಸಾಮಾನುಗಳಿಗೂ ವಿಮಾ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ ರಕ್ಷಣೆ ತಾನಾಗಿ ದೊರೆಯುತ್ತದೆ.

ಮನೆಯೊಳಗೆ ಮೂರು ದಿನಗಳ ಸಿದ್ಧತೆ ಇಟ್ಟುಕೊಳ್ಳಿ. ಕುಡಿಯಲು ಮತ್ತು ಗಂಜಿ ಬೇಯಿಸಲು ತಲೆಗೆ ದಿನಕ್ಕೆ ಮೂರು ಲೀಟರಿನಂತೆ ಐದು ಜನರಿಗೆ 45 ಲೀಟರ್ ಶುದ್ಧ ನೀರು ಬೇಕು. ತೊಳೆಯುವುದಕ್ಕೂ ಸೇರಿಸಿ ತಲೆಗೆ ಹದಿನೈದು ಲೀಟರ್ ಹಿಡಿದರೆ ಒಂದು ದೊಡ್ಡ ಡ್ರಮ್ಮಿನಷ್ಟು, ಎಂದರೆ 225 ಲೀಟರ್ ಆಗುತ್ತದೆ. ಅವಲಕ್ಕಿ, ಹುರಿಗಡಲೆ, ಬೆಲ್ಲ, ಚಟ್ನಿಪುಡಿ ಒಲೆಯಿಲ್ಲದೆಯೂ ಹೊಟ್ಟೆ ತುಂಬಿಸುತ್ತವೆ. ರಕ್ತದೊತ್ತಡದ ಮತ್ತು ಸಕ್ಕರೆಕಾಯಿಲೆಯ ಮಾತ್ರೆಗಳನ್ನು ಎರಡು ವಾರಕ್ಕೆ ಮುಂಚಿತವಾಗಿ ತಂದಿಡಿ. ಪ್ರವಾಹದ ನೀರಿನಲ್ಲಿ ನಡೆದವರು ಇಲಿಜ್ವರ ಬಾರದಂತೆ 72 ಗಂಟೆಗಳೊಳಗೆ ವೈದ್ಯರನ್ನು ಕಂಡು ಡಾಕ್ಸಿಸೈಕ್ಲಿನ್ ಬೇಕೇ ಎಂದು ಕೇಳಬೇಕು. ಕಾಗದಪತ್ರಗಳ ಪ್ರತಿಗಳನ್ನು ಸರಕಾರದ ಆನ್‌ಲೈನ್ ದಾಖಲೆ ಖಾತೆಯಾದ ಡಿಜಿಲಾಕರಿನಲ್ಲಿಯೂ, ಮೂಲಗಳನ್ನು ನೀರು ಹೋಗದ ಚೀಲದಲ್ಲಿ ಕಪಾಟಿನ ಮೇಲಿನ ಖಾನೆಯಲ್ಲಿಯೂ ಇಡಿ. ಮುಂಬಯಿ ಮಹಾನಗರಪಾಲಿಕೆಯ ವಿಪತ್ತು ಸಹಾಯವಾಣಿ 1916, ಜಿಲ್ಲೆಗಳದ್ದು 1077, ಎಲ್ಲ ತುರ್ತಿಗೂ 112. ನೆಲಮಹಡಿಯಲ್ಲಿ ವಾಸವಿರುವವರು ಮೇಲಿನ ಯಾವ ಮನೆಗೆ ಹೋಗಬೇಕೆಂಬುದನ್ನು ಆ ಮನೆಯವರ ಜತೆ ಮೇ ತಿಂಗಳಿನಲ್ಲಿಯೇ ಮಾತನಾಡಿಕೊಂಡಿರಲಿ.

ಇಷ್ಟೆಲ್ಲ ಆದ ಮೇಲೂ ಸ್ವಂತ ಪ್ಲಾಟಿನಲ್ಲಿ ಭದ್ರವಾದ ಕೋಣೆ ಬೇಕೆನ್ನುವವರಿಗೆ ನನ್ನ ಸಲಹೆ, ಅದನ್ನು ನೆಲದ ಮೇಲೆಯೇ ಕಟ್ಟಿಸಿ ಎಂಬುದು. ನದಿ ಹತ್ತಿರವಿದ್ದರೆ ಜಲಸಂಪನ್ಮೂಲ ಇಲಾಖೆಯ ನಕಾಶೆಯಲ್ಲಿ ನೀಲಿರೇಖೆ ಮತ್ತು ಕೆಂಪುರೇಖೆ ಎಲ್ಲಿವೆ ನೋಡಿ. ನೀಲಿರೇಖೆ ಇಪ್ಪತ್ತೈದು ವರ್ಷಕ್ಕೊಮ್ಮೆ, ಕೆಂಪುರೇಖೆ ನೂರು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಎಲ್ಲೆ. ಕೆಂಪುರೇಖೆಯ ಆಚೆಗಿರುವ ಜಾಗವನ್ನೇ ಆರಿಸಿ. ಗುಡ್ಡ ಕಡಿದು ಸಮತಟ್ಟು ಮಾಡಿದ ಪ್ಲಾಟನ್ನೂ ಕಡಿದಾದ ಇಳಿಜಾರಿನ ಬುಡವನ್ನೂ ಬಿಟ್ಟುಬಿಡಿ. ಮನೆಯ ನಡುವಿನ ಒಂದು ಕೋಣೆಗೆ ಭೂಕಂಪ ನಿರೋಧಕ ವಿನ್ಯಾಸದ ಕಂಬ, ತೊಲೆ ಮತ್ತು ಕಾಂಕ್ರೀಟ್ ಚಾವಣಿಯನ್ನು ರಚನಾ ಎಂಜಿನಿಯರರಿಂದಲೇ ಲೆಕ್ಕ ಹಾಕಿಸಿ, ಎದುರುಬದುರು ಗೋಡೆಗಳಲ್ಲಿ ಎರಡು ದಾರಿ ಇಡಿಸಿ. ಅಟ್ಟದಿಂದ ಚಾವಣಿಗೆ ಹೋಗಲು ಏಣಿಯನ್ನು ಗೋಡೆಗೆ ಕಾಯಂ ಜೋಡಿಸಿ. ಮೇಲಿನ ಕಿಂಡಿಯ ಬಾಗಿಲನ್ನು ಮನೆಯ ಅತ್ಯಂತ ಹಿರಿಯರ ಕೈಯಿಂದ ಒಮ್ಮೆ ತೆರೆಸಿ ನೋಡಿ, ಅವರಿಗೆ ಅದು ಭಾರವೆನಿಸಿದರೆ ಬಡಗಿಯಿಂದ ಹಗುರವಾದ ಬಾಗಿಲನ್ನು ಮಾಡಿಸಿ ಹಾಕಿಸಿ.